ಏಜೆಂಟ್ ಇಲ್ಲದೆ ಎಂಟು ಹಿರಿಯರೊಂದಿಗೆ ಬ್ಯಾಂಕಾಕ್: ನನ್ನ ಅನುಭವ

ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟದ ಎಂಟು ಹಿರಿಯರನ್ನು ಏಜೆಂಟ್ ಇಲ್ಲದೆ ಬ್ಯಾಂಕಾಕ್‌ಗೆ ಕರೆದೊಯ್ಯುತ್ತೇನೆ ಎಂದಾಗ ಈ ಕೆಲಸ ಬಲ್ಲವರೇ "ಎರಡನೇ ದಿನದಿಂದ ಬಾಳೆಹಣ್ಣೇ ಗತಿ" ಎಂದಿದ್ದರು. ಮೂರನೇ ಪ್ರಯತ್ನಕ್ಕೆ ಕೈಹಿಡಿಯಿತು. ಆರು ದಿನದಲ್ಲಿ ಯಾರೂ ಉಪವಾಸ ಬೀಳಲಿಲ್ಲ, ಟೋಪಿ ಹಾಕಿಸಿಕೊಂಡದ್ದು ಸೊನ್ನೆ ಬಾತ್ (ಥಾಯ್ ಹಣ). ಪಾಸ್‌ಪೋರ್ಟ್, ವಿಮೆ, ಸಿಮ್ ನಿಮಗೆ ಗೊತ್ತಿರುವ ಸಂಗತಿ, ಬಿಡುತ್ತೇನೆ. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡ್ ಒಂದನ್ನು ಮರೆಯಬೇಡಿ. 2025ರ ಮೇ 1ರಿಂದ ಬಂದಿದೆ, ಉಚಿತ. ತುಂಬಲು ಯಾವುದಾದರೂ ಜಾಲತಾಣ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ.

ಮೊದಲೆರಡು ಸಲ ಕೆಟ್ಟದ್ದು ಅಲ್ಲಿನ ಅಂಗಡಿಯವರಿಗೆ ತೋರಿಸುವ ಊಟದ ಚೀಟಿಯಿಂದ. ಮೊದಲ ಚೀಟಿಯಲ್ಲಿ "ಮಾಂಸ ಬೇಡ" ಎಂದು ಥಾಯ್‌ನಲ್ಲಿ ಬರೆಸಿದ್ದೆ. ಮಾಂಸಕ್ಕೆ ಅದರಲ್ಲಿದ್ದ ಪದ "ನುವಾ", ಅಲ್ಲಿ ಹಾಗೆಂದರೆ ಸಾಮಾನ್ಯವಾಗಿ ದನದ ಮಾಂಸ. ಹಾಗಾಗಿ ಕೋಳಿ ಬಂತು. ಎರಡನೆಯದರಲ್ಲಿ "ಮಂಗ್ಸವಿರತ್", ಅಂದರೆ ಸಸ್ಯಾಹಾರ. ಆಗ ಮೊಟ್ಟೆ ಬಂತು, ನಾಮ್ ಪ್ಲಾ ಎಂಬ ಮೀನಿನ ಸಾಸೂ ಬಂತು. ಅವರಿಗೆ ಅದು ನಮ್ಮ ಉಪ್ಪಿದ್ದ ಹಾಗೆ, ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ದಾರಿ ಬಿಟ್ಟುಕೊಟ್ಟ ಪದ "ಜೇ". ಚೀನೀ ಮೂಲದ ಬೌದ್ಧರ ಈ ಪಥ್ಯದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ನಮ್ಮ ಮಡಿ ಅಡುಗೆಗೆ ಇಷ್ಟು ಹತ್ತಿರದ ಪದ ಆ ಭಾಷೆಯಲ್ಲಿ ಇನ್ನೊಂದಿಲ್ಲ. ಜೇ ಅಂಗಡಿಯ ಗುರುತು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ನೋಡಲು 17 ಎಂದು ಬರೆದ ಹಾಗಿರುತ್ತದೆ. ಎಂಟೂ ಜನಕ್ಕೆ ಅದೊಂದನ್ನೇ ಕಲಿಸಿದೆ.

ಚೀಟಿಯ ಮೇಲ್ಗಡೆ "ಕಿನ್ ಜೇ" (ಜೇ ಊಟ ಮಾಡುವವರು), ಕೆಳಗೆ ಬೇಡದ್ದರ ಪಟ್ಟಿ ಇರಲಿ: ನಾಮ್ ಪ್ಲಾ, ಕಪಿ ಎಂಬ ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸ್, ಎಲುಬಿನ ಸಾರು, ಮೊಟ್ಟೆ. ಇಷ್ಟಾದರೂ ಸೋಮ್ ತಮ್ ಎಂಬ ಪರಂಗಿಕಾಯಿ ಸಲಾಡ್ ಬೀದಿಯಲ್ಲಿ ತಿನ್ನಿಸಬೇಡಿ. ಸಾಸ್ ಬಿಟ್ಟರೂ ಹಿಂದಿನ ಗಿರಾಕಿಯ ಒಣಸಿಗಡಿ ಅದೇ ಒರಳಲ್ಲಿ ಅಂಟಿಕೊಂಡಿರುತ್ತದೆ. ಜೇ ಅಂಗಡಿಗಳಲ್ಲಿ ಸೋಯಾವನ್ನು ಕೋಳಿ, ಮೀನಿನ ಆಕಾರಕ್ಕೆ ತಿದ್ದಿರುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಹಿರಿಯರು ತಟ್ಟೆ ಬಿಟ್ಟು ಎದ್ದುಬಿಡುತ್ತಾರೆ.

ಮೊಸರನ್ನದ ಪ್ರಯೋಗವನ್ನೂ ಮಾಡಿದೆ. ಅಲ್ಲಿನ ಸಣ್ಣ ಅಂಗಡಿಗಳ ಮೊಸರಿಗೆ ಸಾಮಾನ್ಯವಾಗಿ ಸಕ್ಕರೆ ಬೆರೆತಿರುತ್ತದೆ, ಎರಡು ದಿನ ಅನ್ನ ಹಾಳಾಯಿತು. ದೊಡ್ಡ ಸೂಪರ್‌ಮಾರ್ಕೆಟ್‌ನ ಸಕ್ಕರೆಯಿಲ್ಲದ ಗ್ರೀಕ್ ಮೊಸರಿಗೆ ನೀರು ಬೆರೆಸಿದರೆ ನಡೆಯುತ್ತದೆ. ಅದಕ್ಕಿಂತ ಚೆನ್ನಾಗಿ ಒಗ್ಗಿದ್ದು ಅಂಟಕ್ಕಿ ಅನ್ನ ಮತ್ತು ಮನೆಯ ಚಟ್ನಿಪುಡಿ. ತಲೆಗೆ ದಿನಕ್ಕೆ ಎರಡು ಚಮಚ ಪುಡಿಯಂತೆ ಲೆಕ್ಕ ಹಾಕಿ.

ಮೋಸದ ಮುಖ್ಯ ಜಾಗ ಗ್ರ್ಯಾಂಡ್ ಪ್ಯಾಲೇಸ್ ಎಂಬ ಅರಮನೆಯ ಗೋಡೆ. "ಇವತ್ತು ಪೂಜೆ ಇದೆ, ಒಂದು ಗಂಟೆಗೆ ತೆರೆಯುತ್ತೆ, 20 ಬಾತ್‌ಗೆ ಮೂರು ದೇವಸ್ಥಾನ ತೋರಿಸ್ತೀನಿ" ಎನ್ನುವ ಟುಕ್‌ಟುಕ್ (ಅಲ್ಲಿನ ಆಟೊ) ಸೀದಾ ಹರಳಿನ ಅಂಗಡಿಗೋ ದರ್ಜಿ ಅಂಗಡಿಗೋ ಹೋಗಿ ನಿಲ್ಲುತ್ತದೆ. ಸನಾಮ್ ಚಾಯ್ ಮೆಟ್ರೊದಲ್ಲಿ ಇಳಿದರೆ ಆ ಗೋಡೆಗುಂಟ ಬಹಳ ದೂರ ನಡೆಯಬೇಕು, ದಾರಿಯುದ್ದಕ್ಕೂ ಇವರೇ. ನಾನು ಸಾಥೊರ್ನ್ ದೋಣಿಕಟ್ಟೆಯಿಂದ ಕಿತ್ತಳೆ ಬಾವುಟದ ದೋಣಿ ಹತ್ತಿಸಿ, ಸುಮಾರು 16 ಬಾತ್ ಕೊಟ್ಟು, ತಾ ಚಾಂಗ್ ಕಟ್ಟೆಯಲ್ಲಿ ಇಳಿಸುತ್ತೇನೆ. ಅರಮನೆಯ ಬಾಗಿಲು ಅಲ್ಲಿಂದ ಹತ್ತಿರ. 8:30ಕ್ಕೆ ತೆರೆಯುವಾಗ ಎದುರಿಗಿರಬೇಕು. ಟಿಕೆಟ್ 500 ಬಾತ್. ಬಟ್ಟೆ ವಿಷಯದಲ್ಲಿ ಕಟ್ಟುನಿಟ್ಟು: ತೋಳಿಲ್ಲದ ರವಿಕೆಯ ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ. ತೋಳಿರುವ ರವಿಕೆ ಹಾಕಿ, ಸೊಂಟ ಮುಚ್ಚುವಂತೆ ಸೆರಗು ಸುತ್ತಿಕೊಂಡ ಸೀರೆಗೆ ನಮಗೆ ಯಾವ ತಡೆಯೂ ಆಗಿಲ್ಲ.

ನಮ್ಮವರಿಗೆ ಅಲ್ಲಿನ ಆಚಾರ ಅರ್ಧ ಗೊತ್ತೇ ಇರುತ್ತದೆ. ಹೊಸ್ತಿಲು ತುಳಿಯಬಾರದು, ದೇವರ ಕಡೆ ಕಾಲು ಚಾಚಬಾರದು. ತೊಂದರೆ ಬರುವುದು ನಮ್ಮ ಒಳ್ಳೆಯ ಅಭ್ಯಾಸಗಳಿಂದ. ಅಜ್ಜಿಯರು ಭಿಕ್ಷುವಿನ ಪಾದ ಮುಟ್ಟಿ ನಮಸ್ಕರಿಸಲು ಬಾಗುತ್ತಾರೆ, ಹೆಂಗಸರು ಭಿಕ್ಷುವನ್ನು ಮುಟ್ಟುವಂತಿಲ್ಲ. ಕಾಣಿಕೆ ಕೊಡುವುದಾದರೆ ಅವರು ಹಾಸುವ ಬಟ್ಟೆಯ ಮೇಲೆ ಇಡಬೇಕು. ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸುವುದೂ ಅಲ್ಲಿ ಸಲ್ಲದು. ಗಾಳಿಗೆ ಹಾರಿದ ನೋಟನ್ನು ಕಾಲಿನಿಂದ ಒತ್ತಿ ಹಿಡಿಯಬೇಡಿ, ಅದರ ಮೇಲೆ ರಾಜನ ಚಿತ್ರವಿದೆ. ರಾಜಮನೆತನಕ್ಕೆ ಅವಮಾನ ಮಾಡಿದರೆ ಅಲ್ಲಿನ ದಂಡಸಂಹಿತೆಯ 112ನೇ ಕಲಮಿನಡಿ 3ರಿಂದ 15 ವರ್ಷ ಜೈಲು, ಹಾಗಾಗಿ ಆ ಮಾತನ್ನು ಕನ್ನಡದಲ್ಲೂ ಆಡಬೇಡಿ ಎಂದು ಮೊದಲೇ ಹೇಳುತ್ತೇನೆ. ವಾಟ್ ಫೋ ದೇವಾಲಯದಲ್ಲಿ ಮಂಡಿನೋವಿನವರು ಕೂತ ಕೂಡಲೇ ಕಾಲು ನೀಡಿಬಿಡುತ್ತಾರೆ. ಅವರನ್ನು ಕಂಬದ ಪಕ್ಕಕ್ಕೆ ಕೂರಿಸಿ, ಪಾದ ಬಾಗಿಲ ಕಡೆ ತಿರುಗುವಂತೆ ಮಡಚಿಸಿ, ಮೇಲೆ ಒಂದು ಟವೆಲ್ ಹೊದಿಸುತ್ತೇನೆ. ಹಳೆಯ ರಾಜಧಾನಿ ಅಯುತ್ಥಾಯದ ವಾಟ್ ಮಹಾಥಾತ್ ದೇವಾಲಯದಲ್ಲಿ, ಮರದ ಬೇರಿನೊಳಗಿನ ಬುದ್ಧನ ತಲೆಯ ಜೊತೆ ಫೋಟೊ ಬೇಕಿದ್ದರೆ ನಮ್ಮ ತಲೆ ಅದಕ್ಕಿಂತ ಕೆಳಗಿರಬೇಕು. ಮಂಡಿ ಬಗ್ಗದವರಿಗೆ ದೂರದಿಂದಲೇ ಫೋಟೊ.

ದುಡ್ಡಿನ ವಿಷಯ. ವಿದೇಶಿ ಕಾರ್ಡಿಗೆ ಎಟಿಎಂ ಪ್ರತಿ ಸಲವೂ ಸಾಮಾನ್ಯವಾಗಿ 220 ಬಾತ್‌ನ ಆಸುಪಾಸು ಕೀಳುತ್ತದೆ, 1,000 ತೆಗೆದರೂ ಅಷ್ಟೇ. ಮೊದಲ ಪ್ರವಾಸದಲ್ಲಿ ನಾಲ್ಕು ಸಲ ತೆಗೆದು 880 ಕಳೆದೆ. ಈಗ ಒಂದೇ ಸಲ ತೆಗೆಯುತ್ತೇನೆ, ಪರದೆಯಲ್ಲಿ "ರೂಪಾಯಿಗೆ ಪರಿವರ್ತಿಸಲೇ" ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಪ್ರತಿಯೊಬ್ಬರಿಗೂ ದಿನಕ್ಕೊಂದು ಲಕೋಟೆ, ಒಳಗೆ 500 ಬಾತ್, 20 ಮತ್ತು 100ರ ನೋಟುಗಳಲ್ಲಿ. 1,000ದ ನೋಟು ಕೊಟ್ಟರೆ ಟ್ಯಾಕ್ಸಿಯವರ ಬಳಿ ಚಿಲ್ಲರೆ ಸಿಗುವುದು ಕಷ್ಟ. ಲಕೋಟೆಯ ಹಿಂದೆ ಹೋಟೆಲಿನ ಹೆಸರು ಥಾಯ್ ಅಕ್ಷರದಲ್ಲಿ, ಜೊತೆಗೆ ಪ್ರವಾಸಿ ಪೊಲೀಸ್ 1155, ಆಂಬುಲೆನ್ಸ್ 1669. ತಪ್ಪಿಸಿಕೊಂಡವರು ಮಾತಾಡುವ ಅಗತ್ಯವೇ ಇಲ್ಲ, ಲಕೋಟೆ ತಿರುಗಿಸಿ ತೋರಿಸಿದರೆ ಆಯಿತು.

ವಿಮಾನ ಬಿಟ್ಟು ತಲೆಗೆ ಹೆಚ್ಚುಕಡಿಮೆ 7,300 ಬಾತ್ ಬಿತ್ತು: ಐದು ರಾತ್ರಿ ಕೋಣೆಗೆ 3,000, ಊಟಕ್ಕೆ 2,100, ಓಡಾಟಕ್ಕೆ 900, ಟಿಕೆಟ್‌ಗಳಿಗೆ 1,000, ಸಿಮ್‌ಗೆ 300. ಆಗಿನ ದರದಲ್ಲಿ ಹತ್ತೊಂಬತ್ತು ಸಾವಿರ ರೂಪಾಯಿಯ ಆಸುಪಾಸು. ಇದೇ ದಿನಗಳಿಗೆ ಏಜೆಂಟರು ಕೇಳಿದ್ದು ಮೂವತ್ತೈದು ಸಾವಿರ, ಅದರಲ್ಲಿ ಮಧ್ಯಾಹ್ನದ ಊಟ ಸೇರಿರಲಿಲ್ಲ.