ಮಳೆಯಲ್ಲಿ ಓಡಾಡಿದ ಕಾರಿನ ಬ್ರೇಕ್ ಹಿಡಿದುಕೊಂಡರೆ: ಹೊಸಬರಿಗೆ

ಹೊರದೇಶಕ್ಕೆ ಹೊಸದಾಗಿ ಬಂದು ಕಾರು ಕೊಂಡವರಲ್ಲಿ ಹಲವರಿಗೆ ಮೊದಲ ಚಳಿಗಾಲದಲ್ಲೇ ಈ ತೊಂದರೆ ಎದುರಾಗುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಗೇರ್ ಬೀಳುತ್ತದೆ, ಹ್ಯಾಂಡ್‌ಬ್ರೇಕ್ ಇಳಿಸಿಯೂ ಆಗಿದೆ. ಆದರೆ ಗಾಡಿ ಜಪ್ಪಯ್ಯ ಅಂದರೂ ಕದಲುವುದಿಲ್ಲ, ನಿಂತಲ್ಲೇ ಬ್ರೇಕ್ ಅಂಟಿಕೊಂಡಿರುತ್ತದೆ. ಇಂಥ ಹೊತ್ತಿನಲ್ಲಿ ಆಕ್ಸಿಲರೇಟರ್ ತುಳಿದು ಬಿಡಿಸಲು ಹೋಗಬೇಡಿ. ಬ್ರೇಕ್ ಹಿಡಿದಿದ್ದರಿಂದ ಆಗುವ ಹಾನಿಗಿಂತ ಹೆಚ್ಚಿನದು ಹೀಗೆ ತುಳಿಯುವುದರಿಂದಲೇ ಆಗುತ್ತದೆ.

ಚಕ್ರದ ಜೊತೆ ತಿರುಗುವ ತಟ್ಟೆಯಾದ ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ಬ್ರೇಕ್ ಹಾಕಿದಾಗ ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣವನ್ನೋ ಎಣ್ಣೆಯನ್ನೋ ಹಚ್ಚುವಂತಿಲ್ಲ, ಹಾಗಾಗಿ ನೀರು ತಾಗಿದ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ತೆಳು ತುಕ್ಕು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಹಾಕಿದರೆ ಉದುರಿಹೋಗುತ್ತದೆ. ಒದ್ದೆ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ದಿನಗಟ್ಟಲೆ ನಿಂತಾಗ ಮಾತ್ರ ಕಷ್ಟ. ಪ್ಯಾಡಿನಲ್ಲಿ ಕಬ್ಬಿಣದ ಎಳೆಗಳಿದ್ದರೆ ಎರಡೂ ಕಡೆಯ ತುಕ್ಕು ಸೇರಿ ಬೆಸೆದುಕೊಳ್ಳುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ದೇಶಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹಿಂದಿನ ಚಕ್ರಗಳಲ್ಲಿ ಡಿಸ್ಕ್ ಬದಲು ಡ್ರಮ್ (ಶೂ ಎಂಬ ತುಂಡುಗಳು ಒಳಗಿನಿಂದ ಒತ್ತುವ ಡಬ್ಬಿ) ಇದ್ದರೆ ನೀರು ಒಳಗೇ ನಿಂತು ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ.

ಬಹುತೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಿಗೇ ಇರುತ್ತದೆ, ಆದ್ದರಿಂದ ಅಂಟಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಮುಂದಿನ ಚಕ್ರ ಎಳೆಯುವ ಕಾರಾದರೆ ಹಿಂಬದಿ ಸ್ವಲ್ಪ ತಗ್ಗಿ ಅಲ್ಲೇ ನಿಲ್ಲುತ್ತದೆ. ಹಿಮದ ಮೇಲೆ ಇದೇ ಮೋಸ ಮಾಡುತ್ತದೆ: ಹಿಂದಿನ ಚಕ್ರ ತಿರುಗದೆ ಜಾರಿಕೊಂಡು ಬಂದರೂ ಕಾರು ಓಡಿದಂತೆ ಅನಿಸುತ್ತದೆ, ಟೈರ್ ಮಾತ್ರ ಒಂದೇ ಕಡೆ ಸವೆಯುತ್ತದೆ. ಹೊರಗೆ ಒಬ್ಬರನ್ನು ನಿಲ್ಲಿಸಿ, ಯಾವ ಚಕ್ರ ತಿರುಗುತ್ತಿಲ್ಲ ಎಂದು ನೋಡಿಸಿ.

ಹಿಡಿದಿರುವುದು ತುಕ್ಕೋ, ಮಂಜುಗಡ್ಡೆಯೋ, ಹ್ಯಾಂಡ್‌ಬ್ರೇಕಿನ ಕೇಬಲ್ಲೋ ಎಂಬುದನ್ನೂ ಮೊದಲೇ ಅಂದಾಜು ಮಾಡಿ. ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಿತ್ತು, ಹಿಂದಿನ ಸಂಜೆ ನೀರಲ್ಲಿ ಓಡಿಸಿದ್ದಿರಿ ಅಥವಾ ಕಾರು ತೊಳೆದಿದ್ದಿರಿ ಅಂದರೆ ಮಂಜುಗಡ್ಡೆಯೇ ಇರಬೇಕು. ಹ್ಯಾಂಡ್‌ಬ್ರೇಕ್ ಲಿವರ್ ಬಿಗಿಯೇ ಇಲ್ಲದೆ ಸಡಿಲವಾಗಿ ಇಳಿದರೆ ಕೇಬಲ್ ಒಳಗೇ ಸಿಕ್ಕಿಕೊಂಡಿದೆ ಎಂದು ಅನುಮಾನಿಸಬೇಕು. ಇವೆರಡೂ ಅಲ್ಲದಿದ್ದರೆ, ವಾರಗಟ್ಟಲೆ ನಿಂತ ಕಾರಾಗಿದ್ದರೆ, ತುಕ್ಕು.

ಬಿಡಿಸುವ ಬಗೆ

ಸಮತಟ್ಟಾದ ಜಾಗದಲ್ಲಿ, ಮುಂದೆ ಹಿಂದೆ ಒಂದೆರಡು ಮೀಟರ್ ಖಾಲಿ ಇದೆಯೇ ನೋಡಿಕೊಳ್ಳಿ. ಬಿಡುವಾಗ ಕಾರು ತಟ್ಟನೆ ನೆಗೆಯುತ್ತದೆ. ತುಕ್ಕಾಗಿದ್ದರೆ ಹ್ಯಾಂಡ್‌ಬ್ರೇಕನ್ನು ನಾಲ್ಕೈದು ಸಲ ಎಳೆದು ಇಳಿಸಿ, ಪೆಡಲನ್ನೂ ಅಷ್ಟೇ ಸಲ ಗಟ್ಟಿಯಾಗಿ ಒತ್ತಿ ಬಿಡಿ. ಆಮೇಲೆ ರಿವರ್ಸ್ ಗೇರ್ ಹಾಕಿ, ಕ್ಲಚ್ ಹಿಡಿಯುವ ಹಂತದವರೆಗೆ ಬಿಟ್ಟು, ಕಾರು ಬಿಗಿದ ಕೂಡಲೇ ಮತ್ತೆ ಒತ್ತಿ. ನಂತರ ಫಸ್ಟ್ ಗೇರ್‌ನಲ್ಲಿ ಹೀಗೇ ಮಾಡಿ. ಮುಂದಕ್ಕೆ ಬಾರದ್ದು ಹಿಂದಕ್ಕೆ ಬರುವುದುಂಟು. ಆಟೋಮ್ಯಾಟಿಕ್ ಆದರೆ ರಿವರ್ಸ್, ಡ್ರೈವ್ ಎರಡರಲ್ಲೂ ಆಕ್ಸಿಲರೇಟರನ್ನು ಮುಟ್ಟಿದಂತೆ ಮಾಡಿ, ಒಂದು ಸಲಕ್ಕೆ ಎರಡು ಮೂರು ಸೆಕೆಂಡ್ ಸಾಕು. ಗೇರ್ ಬದಲಿಸುವಾಗ ಬ್ರೇಕ್ ಪೆಡಲ್ ಒತ್ತಿರಿ. "ಟಪ್" ಎಂಬ ಸದ್ದು ಬಂದರೆ ಬಿಟ್ಟಿತೆಂದೇ ಲೆಕ್ಕ. ಐದಾರು ಪ್ರಯತ್ನಕ್ಕೂ ಬಿಡದಿದ್ದರೆ ನಿಲ್ಲಿಸಿ. ಮುಂದುವರಿಸಿದರೆ ಕ್ಲಚ್ ಸುಡುತ್ತದೆ, ಆಟೋಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ವಿಪರೀತ ಬಿಸಿಯಾಗುತ್ತದೆ, ಇಲ್ಲವೇ ಪ್ಯಾಡಿನ ಉಜ್ಜುವ ಪದರವೇ ಹಿಂದಿನ ತಗಡಿನಿಂದ ಕಿತ್ತುಬರುತ್ತದೆ.

ಮಂಜುಗಡ್ಡೆಯಾದರೆ ಹ್ಯಾಂಡ್‌ಬ್ರೇಕ್ ಮತ್ತೆ ಎಳೆಯಬೇಡಿ. ಎಂಜಿನ್ ಚಾಲೂ ಇಟ್ಟರೂ ಆ ಬಿಸಿ ಹಿಂದಿನ ಚಕ್ರಕ್ಕೆ ತಲುಪುವುದಿಲ್ಲ. ಹೇರ್ ಡ್ರೈಯರ್‌ನ ಬಿಸಿಗಾಳಿ ಕೆಲಸ ಮಾಡುತ್ತದೆ, ಸಮಯ ಹಿಡಿಯುತ್ತದೆ ಅಷ್ಟೇ. ಕುದಿಯುವ ನೀರು ಸುರಿದರೆ ಅದೇ ನೀರು ಹೆಪ್ಪುಗಟ್ಟುತ್ತದೆ, ಬಿಸಿ ಏಟಿಗೆ ಎರಕದ ಕಬ್ಬಿಣ ಸೀಳಲೂಬಹುದು.

ಇಷ್ಟಕ್ಕೂ ಬಿಡದಿದ್ದರೆ ಚಕ್ರ ಬಿಚ್ಚಬೇಕು. ಹ್ಯಾಂಡ್‌ಬ್ರೇಕ್ ಇಳಿದಿರುವುದರಿಂದ ಕಾರು ಉರುಳದಂತೆ ಕಾಯುವುದು ಗೇರ್ ಮತ್ತು ಚಕ್ರಕ್ಕೆ ಕೊಟ್ಟ ಅಡ್ಡೆ (ಚಕ್ರ ತಡೆಯಲು ಇಡುವ ತುಂಡು) ಮಾತ್ರ. ಮುಂದಿನ ಎರಡೂ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡೆ ಇಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು.

ಡಿಸ್ಕ್ ಆದರೆ ಬೋಲ್ಟ್‌ಗಳ ನಡುವಿನ ಉಬ್ಬಿದ ಭಾಗಕ್ಕೆ ಮರದ ತುಂಡು ಇಟ್ಟು, ಸುಮಾರು ಒಂದು ಕಿಲೋ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಬನ್ನಿ. ಉಜ್ಜುವ ಮೇಲ್ಮೈಗೂ ಪ್ಯಾಡ್ ಹಿಡಿದಿಡುವ ಕ್ಯಾಲಿಪರ್‌ಗೂ ಏಟು ಬೀಳಬಾರದು. ಡ್ರಮ್ ಆದರೆ ಮುಖದ ಅಂಚಿನ ಸುತ್ತ ತಟ್ಟಿ. ಹಲವು ಡ್ರಮ್‌ಗಳಲ್ಲಿ ಬೋಲ್ಟ್ ತಿರುಗಿಸಲು ಥ್ರೆಡ್ ಕೊರೆದ ಎರಡು ತೂತುಗಳಿರುತ್ತವೆ, ಸಾಮಾನ್ಯವಾಗಿ ಎಂ8 (8 ಮಿಮೀ ಬೋಲ್ಟ್) ಅಳತೆಯವು. ಅವುಗಳಿಗೆ ಎರಡು ಬೋಲ್ಟ್ ಹಾಕಿ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿದರೆ ಡ್ರಮ್ ತಾನೇ ಹೊರಬರುತ್ತದೆ. ಡಿಸ್ಕಿಗೆ, ಪ್ಯಾಡಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಎಂದೂ ಹೊಡೆಯಬೇಡಿ. ಪ್ಯಾಡ್ ಎಣ್ಣೆ ಹೀರಿಕೊಂಡರೆ ಬದಲಿಸುವುದೊಂದೇ ದಾರಿ. ಒಳಗಿನ ಪುಡಿಯನ್ನು ಊದಿ ತೆಗೆಯದೆ ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಕ್ಯಾಲಿಪರ್ ಬಿಚ್ಚುವ ಮೊದಲು ಅದನ್ನು ಸರ್ವಿಸ್ ಮೋಡ್‌ಗೆ (ರಿಪೇರಿಗೆಂದು ಸಡಿಲಿಸಿಡುವ ಸ್ಥಿತಿಗೆ) ಹಾಕಲೇಬೇಕು. ಹಾಕದೆ ಪ್ಯಾಡನ್ನು ಒತ್ತುವ ಪಿಸ್ಟನ್ ಒಳತಳ್ಳಿದರೆ ಬ್ರೇಕಿನ ಮೋಟಾರು ಹಾಳಾಗಬಹುದು. ಆ ಕೆಲಸ ಗ್ಯಾರೇಜಿನವರಿಗೆ ಬಿಡುವುದೇ ಜಾಣತನ.

ಬಿಟ್ಟ ಮೇಲೆ

ವಾಹನ ಕಡಿಮೆ ಇರುವ ರಸ್ತೆಯಲ್ಲಿ ಗಂಟೆಗೆ 50 ಕಿಮೀ ವೇಗದಿಂದ 10ಕ್ಕೆ ಇಳಿಯುವಂತೆ ಏಳೆಂಟು ಸಲ ಮೆಲ್ಲಗೆ ಬ್ರೇಕ್ ಹಾಕಿ. ಕರಕರ ಸದ್ದು ಕ್ರಮೇಣ ಹೋಗಬೇಕು. ಹೋಗದಿದ್ದರೆ, ಅಥವಾ ಪೆಡಲ್ ಅದುರಿದರೆ, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂತಿದೆ ಅಥವಾ ಪದರ ಕಿತ್ತಿದೆ.

ಆಮೇಲೆ ಬ್ರೇಕ್ ಹೆಚ್ಚು ಬಳಸದೆ ಕೆಲವು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಬಿಸಿಯಾಗಿದ್ದರೆ ಆ ಬ್ರೇಕ್ ಇನ್ನೂ ಪೂರ್ತಿ ಬಿಟ್ಟಿಲ್ಲ. ಇಲ್ಲಿ ತುಕ್ಕಿನ ಕಥೆ ಮುಗಿದು ಬೇರೆ ಕಥೆ ಶುರುವಾಗುತ್ತದೆ: ಕ್ಯಾಲಿಪರ್ ಜಾರುವ ಪಿನ್‌ಗಳು ಒಣಗಿರಬಹುದು, ಪಿಸ್ಟನ್ ಸಿಕ್ಕಿಕೊಂಡಿರಬಹುದು, ಕೇಬಲ್ ಹಿಂದಕ್ಕೆ ಬರುತ್ತಿಲ್ಲದಿರಬಹುದು. ಪಿನ್‌ಗಳಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ತುಕ್ಕು ಹಿಡಿದ ಕೇಬಲ್‌ಗೆ ಎಣ್ಣೆ ಬಿಡುವುದು ವ್ಯರ್ಥ, ಬದಲಿಸಿ.

ರಸ್ತೆಬದಿ ನೆರವಿಗೆ ಫೋನ್ ಮಾಡುವುದಾದರೆ ಯಾವ ಚಕ್ರ ಹಿಡಿದಿದೆ, ಆಟೋಮ್ಯಾಟಿಕ್ಕೋ ಅಲ್ಲವೋ, ಪಾರ್ಕಿಂಗ್ ಬ್ರೇಕ್ ಲಿವರ್‌ನದೋ ಗುಂಡಿಯದೋ ಎಂದು ಮೊದಲೇ ಹೇಳಿ. ಹಿಂದಿನ ಚಕ್ರ ತಿರುಗದ ಕಾರಿನ ಮುಂಭಾಗ ಎತ್ತಿ ಎಳೆದೊಯ್ಯಲು ಆಗುವುದಿಲ್ಲ, ಪೂರ್ತಿ ಹೊತ್ತೊಯ್ಯುವ ಗಾಡಿಯೇ ಬೇಕು.

ಮತ್ತೆ ಹಿಡಿಯದಂತೆ

ನೀರು ನಿಂತ ರಸ್ತೆ ದಾಟಿದ ಮೇಲೆ, ಕಾರು ತೊಳೆದ ಮೇಲೆ, ಮನೆ ಸೇರುವ ಮೊದಲಿನ ಒಂದು ಕಿಲೋಮೀಟರಿನಲ್ಲಿ ನಾಲ್ಕೈದು ಸಲ ಹಗುರಾಗಿ ಬ್ರೇಕ್ ಹಾಕಿ ಒಣಗಿಸಿ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳವರು ಇದನ್ನು ಮರೆಯಲೇಬಾರದು, ಅವುಗಳಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಡಿಸ್ಕ್ ಉಜ್ಜುವುದೇ ಅಪರೂಪ. ಸಮತಟ್ಟು ಜಾಗದಲ್ಲಿ ಹೆಚ್ಚು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬದಲು ಗೇರ್ ಅಥವಾ 'ಪಿ' ಹಾಕಿ, ಚಕ್ರಕ್ಕೆ ಅಡ್ಡೆ ಇಡಿ. ಇಳಿಜಾರಿನಲ್ಲಿ ಮಾತ್ರ ಹ್ಯಾಂಡ್‌ಬ್ರೇಕ್ ಬಿಡುವಂತಿಲ್ಲ.

ರಜೆಗೆ ಊರಿಗೆ ಹೊರಟಾಗ ಸ್ನೇಹಿತರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಓಡಿಸಲು ಹೇಳಿ. ಬೇರೆಯವರು ಓಡಿಸಿದರೆ ನಿಮ್ಮ ಇನ್ಶೂರೆನ್ಸ್ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಿಂತಲ್ಲೇ ಎಂಜಿನ್ ಓಡಿಸಿ ಆಫ್ ಮಾಡುವುದರಿಂದ ಬ್ರೇಕಿಗೆ ಏನೂ ಉಪಯೋಗವಿಲ್ಲ, ಚಕ್ರ ತಿರುಗಲೇಬೇಕು.