ಸಿಂಗಪುರದ ದುಡ್ಡು, ಬೆಂಗಳೂರಿನ ಕಂಪನಿ: ಈ ಕೆಲಸವನ್ನು ಹಿಂದಿನಿಂದ ಕಲಿಯಿರಿ

ಕಳೆದ ದೀಪಾವಳಿಗೆ ಶಿರಸಿಯ ಮನೆಗೆ ಹೋದಾಗ ಅಕ್ಕನ ಮಗ ಕೇಳಿದ: "ಮಾವ, ನಿನ್ನ ಕೆಲಸಕ್ಕೆ ಬರಬೇಕು ಅಂದ್ರೆ ಎಂತ ಓದಬೇಕು?" ಸಿಎ ಇಂಟರ್ ಮುಗಿಸಿದ ಹುಡುಗ. ನನ್ನ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಿಂಗಪುರದಲ್ಲಿ ಬ್ಯಾಂಕಿನಲ್ಲಿದ್ದಾನೆ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಬ್ಯಾಂಕಲ್ಲ. ಹೊರದೇಶದವರ ದುಡ್ಡನ್ನು ಭಾರತದ ಕಂಪನಿಗಳಲ್ಲಿ ಹೂಡುವುದು, ಐದಾರು ವರ್ಷ ಕಾಯುವುದು, ಆಮೇಲೆ ಪಾಲು ಮಾರಿ ದುಡ್ಡನ್ನು ವಾಪಸ್ ಒಯ್ಯುವುದು. ಮೂರರಲ್ಲಿ ಕಷ್ಟದ್ದು ಮೂರನೆಯದೇ. ಅಲ್ಲಿಂದ ಶುರುಮಾಡಿ ಹಿಂದಕ್ಕೆ ಕಲಿಯುತ್ತ ಬಾ ಎಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಡೊಕೊಮೊ–ಟಾಟಾ ವ್ಯವಹಾರವನ್ನು ಹಿಡಿದು ಕೂರಿ. 2009ರಲ್ಲಿ ಜಪಾನಿನ ಮೊಬೈಲ್ ಕಂಪನಿ ಎನ್‌ಟಿಟಿ ಡೊಕೊಮೊ, ಟಾಟಾದವರ ಫೋನ್ ಕಂಪನಿ ಟಾಟಾ ಟೆಲಿಸರ್ವೀಸಸ್‌ನ ಶೇ. 26ರಷ್ಟು ಪಾಲಿಗೆ ಹನ್ನೆರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿತು. ವ್ಯಾಪಾರ ನಿಗದಿಯಾದ ಮಟ್ಟ ಮುಟ್ಟದಿದ್ದರೆ, ಕೊಂಡ ಬೆಲೆಯ ಅರ್ಧ ಅಥವಾ ಆಗಿನ ನ್ಯಾಯಬೆಲೆ (ಲೆಕ್ಕಹಾಕಿದ ನಿಜವಾದ ಮೌಲ್ಯ), ಎರಡರಲ್ಲಿ ಹೆಚ್ಚಿನದಕ್ಕೆ ಪಾಲನ್ನು ಕೊಳ್ಳುವವರನ್ನು ಟಾಟಾ ಹುಡುಕಿಕೊಡಬೇಕೆಂದು ಕರಾರಾಗಿತ್ತು. 2014ರಲ್ಲಿ ಡೊಕೊಮೊ ಹೊರಟಿತು. ಮೊದಲೇ ಗೊತ್ತುಮಾಡಿದ ಬೆಲೆಗೆ ವಿದೇಶಿಯರಿಂದ ಷೇರು ಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಅಡ್ಡ ನಿಂತಿತು. ಲಂಡನ್ನಿನ ಮಧ್ಯಸ್ಥಿಕೆಯಲ್ಲಿ 2016ರಲ್ಲಿ 117 ಕೋಟಿ ಡಾಲರಿನ ತೀರ್ಪು ಬಂತು, 2017ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಿತು. ಆ ಹಣವನ್ನು ಷೇರಿನ ಬೆಲೆಯೆಂದು ನೋಡದೆ, ಕರಾರು ಮುರಿದದ್ದಕ್ಕೆ ಪರಿಹಾರವೆಂದು ನೋಡಿದ್ದರಿಂದ ಡೊಕೊಮೊ ಬಚಾವಾಯಿತು. ಆ ತೀರ್ಪನ್ನು ನಾನು ಮೂರು ಸಲ ಓದಿದ್ದೇನೆ. ಹೊರಹೋಗುವ ಷರತ್ತನ್ನು ಬರೆಯುವಾಗ ಒಂದೊಂದು ಪದವೂ ಎಷ್ಟು ತೂಗುತ್ತದೆಂದು ನನಗೆ ಕಲಿಸಿದ್ದು ಅದು.

ಎರಡನೆಯದು ರೂಪಾಯಿಯ ಲೆಕ್ಕ. 2010ರಲ್ಲಿ ಡಾಲರಿಗೆ 45 ರೂಪಾಯಿ ಆಸುಪಾಸು. ಹತ್ತು ಲಕ್ಷ ಡಾಲರ್ ತಂದವನು ನಾಲ್ಕೂವರೆ ಕೋಟಿ ಹೂಡಿದ ಎನ್ನಿ. ಹತ್ತು ವರ್ಷಕ್ಕೆ ಅದು ದುಪ್ಪಟ್ಟಾಗಿ ಒಂಬತ್ತು ಕೋಟಿಯಾಯಿತು. ಕಂಪನಿಯ ಮಾಲೀಕ ಪೇಢಾ ಹಂಚುತ್ತಾನೆ. ಆದರೆ 2020ರಲ್ಲಿ ಡಾಲರ್ 75ರ ಹತ್ತಿರ. ಹೂಡಿದವನ ಕೈಗೆ ಬಂದದ್ದು ಹನ್ನೆರಡು ಲಕ್ಷ ಡಾಲರ್, ಅದೂ ತೆರಿಗೆ ಕಳೆಯುವ ಮೊದಲು. ಎಕ್ಸೆಲ್ ಹಾಳೆಯಲ್ಲಿ ರೂಪಾಯಿಯ ಕಾಲಂ ಪಕ್ಕದಲ್ಲೇ ಡಾಲರಿನ ಕಾಲಂ ಹಾಕದವನ ಲೆಕ್ಕವನ್ನು ನಾನು ನೋಡುವುದೇ ಇಲ್ಲ.

ತೆರಿಗೆಯ ಬಗ್ಗೆ ಹೆಚ್ಚು ಬರೆಯಲಾರೆ, ಅದಕ್ಕೆ ಬೇರೆಯವರಿದ್ದಾರೆ. ದುಡ್ಡು ಮಾರಿಷಸ್ ಮೂಲಕ ಬಂದರೆ ತೆರಿಗೆಯಿಲ್ಲ ಎನ್ನುವವರು ಈಗಲೂ ಸಿಗುತ್ತಾರೆ. 2016ರಲ್ಲಿ ಆ ದೇಶದ ಜೊತೆಗಿನ ತೆರಿಗೆ ಒಪ್ಪಂದ ತಿದ್ದಿದ ಮೇಲೆ, 2017ರ ಏಪ್ರಿಲ್ 1ರಿಂದ ಕೊಂಡ ಷೇರಿನ ಲಾಭದ ಮೇಲೆ ಭಾರತ ತೆರಿಗೆ ಹಾಕುತ್ತದೆ, ಸಿಂಗಪುರದ್ದೂ ಅದೇ ಕಥೆ. ಅಂಥ ಸಲಹೆಗಾರ ಸಿಕ್ಕರೆ ಕಾಫಿ ಕುಡಿದು ಎದ್ದು ಬನ್ನಿ.

ಇನ್ನು ಕಾಗದಪತ್ರ. ಹುಡುಗರಿಗೆ ಇದು ಬೇಸರ, ಆದರೆ ನಮ್ಮ ಕೆಲಸದ ಅರ್ಧ ಇದೇ. ವಿದೇಶದಿಂದ ಷೇರಿನ ದುಡ್ಡು ಬಂದ 60 ದಿನದೊಳಗೆ ಕಂಪನಿ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ದುಡ್ಡು ವಾಪಸ್. ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಪೋರ್ಟಲ್‌ನಲ್ಲಿ ವಿದೇಶಿಯರಿಗೆ ಷೇರು ಕೊಟ್ಟದ್ದನ್ನು ತಿಳಿಸುವ ಎಫ್‌ಸಿ-ಜಿಪಿಆರ್ ಫಾರಂ ತುಂಬಬೇಕು. ಷೇರಿನ ಬೆಲೆ ನ್ಯಾಯಬೆಲೆಗಿಂತ ಕಡಿಮೆ ಇರಕೂಡದು, ಅದಕ್ಕೆ ಸಿಎ ಅಥವಾ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಸರ್ಟಿಫಿಕೇಟ್ ಬೇಕು. ನನ್ನ ಮೊದಲ ಸ್ವತಂತ್ರ ವ್ಯವಹಾರ ಮುಗ್ಗರಿಸಿದ್ದು ಇಲ್ಲೇ. ದುಡ್ಡು ಕಳಿಸಿದ ಬ್ಯಾಂಕಿನ ಗುಮಾಸ್ತ ಉದ್ದೇಶದ ಜಾಗದಲ್ಲಿ ಷೇರು ಎಂದು ಬರೆಯದೆ ಸಾಫ್ಟ್‌ವೇರ್ ಸೇವೆಯ ಶುಲ್ಕ ಎಂದು ಬರೆದುಬಿಟ್ಟ. ಬೆಂಗಳೂರಿನ ಬ್ಯಾಂಕ್ ತಿದ್ದುಪಡಿ ಪತ್ರ ಕೇಳಿತು. ಅಲ್ಲಿ ರಜೆ, ಇಲ್ಲಿ ಹಬ್ಬ, ಪತ್ರದಲ್ಲಿ ಸಹಿ ತಪ್ಪು. ಅರವತ್ತು ದಿನ ದಾಟಿತು. ಪೂರ್ತಿ ದುಡ್ಡನ್ನು ವಾಪಸ್ ಕಳಿಸಿ ಮತ್ತೆ ತರಿಸಿದೆವು. ಎರಡು ಸಲ ಡಾಲರ್–ರೂಪಾಯಿ ಬದಲಾಯಿಸುವುದರಲ್ಲೇ ಕೆಲವು ಲಕ್ಷ ಕರಗಿತು. ಈಗ ದೊಡ್ಡ ಮೊತ್ತಕ್ಕೆ ಮೊದಲು ಬ್ಯಾಂಕಿನ ಕರಡು ಸಂದೇಶ ತರಿಸಿಕೊಂಡು ಸಾಲು ಸಾಲು ಓದುತ್ತೇನೆ. ನೀವೂ ಹಾಗೇ ಮಾಡಿ, ಬ್ಯಾಂಕಿನವರು ಮುಖ ಸಿಂಡರಿಸಿದರೂ ಸರಿ.

ಇದಕ್ಕೂ ಮುಂಚಿನ ಹಂತ ಕಂಪನಿಯನ್ನು ತಪಾಸಣೆ ಮಾಡುವುದು. ನನಗೆ ಬಹಳ ಇಷ್ಟದ ಕೆಲಸ. ಅಪ್ಪಯ್ಯ ಅಡಿಕೆ ವ್ಯಾಪಾರದಲ್ಲಿದ್ದವರು. ಮೂಟೆಯ ಬಾಯಲ್ಲಿರುವ ಚಾಲಿಯನ್ನು (ಒಣಗಿಸಿದ ಅಡಿಕೆ) ಅವರು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು ಮೂಸುತ್ತಿದ್ದರು. ಕಂಪನಿ ತಾನಾಗಿ ಕಳಿಸುವ ಫೈಲು ಮೂಟೆಯ ಬಾಯಿ. ತುಮಕೂರು ಕಡೆಯ ಕಾರ್ಖಾನೆಯೊಂದು ಮೂರು ಪಾಳಿ ಕೆಲಸ ಎಂದು ತೋರಿಸಿತ್ತು. ಲೆಕ್ಕಪತ್ರ ಚೊಕ್ಕ, ಆಡಿಟರ್ ಸಹಿ ಇತ್ತು. ನಾನು ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೇಳಿದೆ. ಯುನಿಟ್ಟುಗಳು ಒಂದು ಪಾಳಿಗೂ ಸಾಲುವಂತಿರಲಿಲ್ಲ. ರಾತ್ರಿ ಹತ್ತಕ್ಕೆ ಗೇಟಿನ ಹತ್ತಿರ ಹೋಗಿ ನಿಂತೆ. ಕಾವಲುಗಾರನ ರೇಡಿಯೊ ಬಿಟ್ಟರೆ ಸದ್ದಿಲ್ಲ. ಕರೆಂಟ್ ಬಿಲ್, ಪಿಎಫ್ ಚಲನ್, ಲಾರಿಯ ಇ-ವೇ ಬಿಲ್ (ಸರಕು ಸಾಗಿಸುವ ಚೀಟಿ), ದೊಡ್ಡ ಗಿರಾಕಿಗಳ ಜೊತೆ ನೇರ ಫೋನ್ ಮಾತು. ಈ ನಾಲ್ಕು ಸಿಗದ ಕಡೆ ಮುಂದುವರಿಯಬೇಡಿ.

ಕೆಲಸ ಹಿಡಿಯುವುದು ಹೇಗೆ? ನೇರವಾಗಿ ಹೂಡಿಕೆ ಕಂಪನಿಗೆ ಅರ್ಜಿ ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ. ಮೂರು ವರ್ಷ ಬೆಂಗಳೂರಿನ ಯಾವುದಾದರೂ ಆಡಿಟ್ ಸಂಸ್ಥೆಯ ತಪಾಸಣೆ ತಂಡದಲ್ಲಿ ದುಡಿಯಿರಿ. 1999ರ ಫೆಮಾ ಅಂದರೆ ವಿದೇಶಿ ವಿನಿಮಯ ಕಾಯ್ದೆ, 2019ರ ಸಾಲೇತರ (ಸಾಲವಲ್ಲದ, ಷೇರಿನಂಥ) ಹೂಡಿಕೆ ನಿಯಮಗಳನ್ನು ಮೂಲದಲ್ಲೇ ಓದಿ. ಸಾರಾಂಶ ಓದಿ ಬಂದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸಂಬಳ ಪರವಾಗಿಲ್ಲ. ನಿಜವಾದ ಗಳಿಕೆ ಲಾಭದ ಪಾಲಿನಲ್ಲಿ, ಸಾಮಾನ್ಯವಾಗಿ ಲಾಭದ ಶೇ. 20 ಹೂಡಿಕೆ ಕಂಪನಿ ನಡೆಸುವವರಿಗೆ, ಅದರೊಳಗೆ ನಿಮ್ಮದೊಂದು ಚೂರು. ನನಗೆ ಮೊದಲ ಚೂರು ಸಿಗಲು ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಮನೆಸಾಲ ತೆಗೆದುಕೊಳ್ಳಬೇಡಿ.

ಕಳೆದ ವಾರ ಅಳಿಯನ ಮೆಸೇಜ್ ಬಂತು: "ಆಡಿಟ್‌ಗೆ ಹೋದಲ್ಲಿ ಕರೆಂಟ್ ಬಿಲ್ ಕೇಳಿದೆ ಮಾವ, ನಾಳೆ ಕೊಡ್ತೀವಿ ಅಂದ್ರು. ನಾಲ್ಕು ದಿನ ಆಯ್ತು." ನಾಳೆ ಮತ್ತೆ ಕೇಳು ಎಂದು ಬರೆದಿದ್ದೇನೆ.