ಕಂದು ಮೈಯ ಮೇಲೆ ಕೆಂಪು ಹುಡುಕುವಾಗ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಚರ್ಮರೋಗ ಕಲಿಸುವುದು ನನ್ನ ಕೆಲಸ. ಸೋರಿಯಾಸಿಸ್ ಎಂದರೆ ಕೆಂಪು ಮಚ್ಚೆ, ಮೇಲೆ ಬೆಳ್ಳಿಬಣ್ಣದ ಹೊಟ್ಟು ಎಂದು ಬಾಯಿಪಾಠ ಮಾಡಿಕೊಂಡು ಬಂದ ಹುಡುಗ ಹೊರರೋಗಿ ವಿಭಾಗದಲ್ಲಿ ಬಿಸಿಲಿಗೆ ಕಪ್ಪಾದ ಬೆನ್ನಿನ ಮೇಲೆ ಅದನ್ನೇ ಹುಡುಕುತ್ತಾನೆ. ಅಲ್ಲಿ ಅದೇ ಉರಿಯೂತ ಕಾಣುವುದು ನೇರಳೆ ಅಥವಾ ಬೂದುಗಂದಾಗಿ. "ಕೆಂಪೇ ಇಲ್ಲವಲ್ಲ ಮೇಡಂ, ಉರಿಯೂತ ಇಳಿದಿದೆಯೇ?" ಎನ್ನುತ್ತಾನೆ. ಅವನು ಓದಿದ ಬ್ರಿಟನ್, ಅಮೆರಿಕದ ಪುಸ್ತಕಗಳ ಚಿತ್ರಗಳಲ್ಲಿ ಬಹುತೇಕ ಎಲ್ಲರೂ ಬಿಳಿಯರು. ನಮ್ಮವರ ಪುಸ್ತಕಗಳಲ್ಲಿ ಕುಷ್ಠ, ತೊನ್ನು ಚೆನ್ನಾಗಿ ಸಿಗುತ್ತವೆ. ಔಷಧ ಒಗ್ಗದೆ ಏಳುವ ದದ್ದಿನ ಮೊದಲ ದಿನ ಕಪ್ಪು ಮೈಯಲ್ಲಿ ಹೇಗಿರುತ್ತದೆ ಎಂದು ತೋರಿಸಲು ಮಾತ್ರ ನನಗೆ ಚಿತ್ರವಿರಲಿಲ್ಲ.

ಹಾಗಾಗಿ ನಾವೇ ಚಿತ್ರಗಳ ಸಂಗ್ರಹ ಶುರುಮಾಡಿದೆವು. ನೈತಿಕ ಸಮಿತಿಯ ಅನುಮತಿ, ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳುವುದು, ಇದೆಲ್ಲ ನಿಯಮದಂತೆ ನಡೆಯಿತು.

ಕಾಟ ಕೊಟ್ಟದ್ದು ಮೊಬೈಲ್. ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡುವ ಸೌಂದರ್ಯದ ಸೆಟ್ಟಿಂಗ್ ಹಲವು ಫೋನ್‌ಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ರೋಗಲಕ್ಷಣವನ್ನೇ ಅಳಿಸಿಹಾಕುವ ಉಪಕಾರ ಅದು! ಅದನ್ನು ಆಫ್ ಮಾಡಿ, ಫ್ಲಾಶ್ ಬಳಸದೆ, ಕಿಟಕಿಯ ಬೆಳಕಿಗೆ ರೋಗಿಯನ್ನು ಕೂರಿಸುತ್ತೇವೆ. ಚೌಕಟ್ಟಿನೊಳಗೆ ಒಂದು ಬೂದು ಕಾರ್ಡು ಇರಬೇಕು, ಬಣ್ಣ ಸರಿಪಡಿಸಲು. ಜೊತೆಗೆ ಆರೋಗ್ಯವಂತ ಚರ್ಮವೂ ಒಂದಿಷ್ಟು ಬರಲೇಬೇಕು. ಅಕ್ಕಪಕ್ಕದ ಸಹಜ ಬಣ್ಣ ಕಾಣದಿದ್ದರೆ, ಕಪ್ಪಾಗಿರುವುದು ರೋಗವೋ ಮೈಬಣ್ಣವೋ ಎಂದು ಯಾರೂ ಹೇಳಲಾರರು.

ಚರ್ಮದ ವರ್ಗ ಬರೆಯಲು, ಬಣ್ಣ ಮತ್ತು ಬಿಸಿಲಿಗೆ ಸುಡುವ ಬಗೆ ನೋಡಿ ಆರು ವರ್ಗ ಮಾಡುವ ಫಿಟ್ಜ್‌ಪ್ಯಾಟ್ರಿಕ್ ಮಾಪನವಿದೆ. 1975ರಲ್ಲಿ ಅದು ಹುಟ್ಟಿದ್ದು ಬಿಳಿ ಚರ್ಮದವರಿಗೆ ಚಿಕಿತ್ಸೆಯಲ್ಲಿ ಅತಿನೇರಳೆ ಕಿರಣ ಎಷ್ಟು ಕೊಡಬಹುದೆಂದು ತೀರ್ಮಾನಿಸಲು. ಕಂದು, ಕಪ್ಪು ಚರ್ಮದ ಐದು, ಆರನೆಯ ವರ್ಗಗಳು ಸೇರಿದ್ದು ಆಮೇಲೆ. ನಮ್ಮ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ನಾಲ್ಕು, ಐದರೊಳಗೇ ಬೀಳುತ್ತಾರೆ. ಅದರಿಂದ ನನಗೆ ಹೆಚ್ಚು ಉಪಯೋಗವಿಲ್ಲ. ಹಾಗಾಗಿ ಸಹಜ ಮೈಬಣ್ಣ ತಿಳಿಯಲು ಬಿಸಿಲು ತಾಗದ ಒಳತೋಳಿನದೊಂದು ಚಿತ್ರವನ್ನೂ ತೆಗೆದಿಡುತ್ತೇನೆ.

ಚಿತ್ರದ ಕೆಳಗೆ ಕೈಯಿಂದ ತಿಳಿದದ್ದನ್ನೂ ಬರೆಸುತ್ತೇನೆ: ಬಿಸಿ ಇದೆಯೇ, ಗಡುಸಾಗಿದೆಯೇ, ಒತ್ತಿದರೆ ನೋವೇ, ಇನ್ನೊಂದು ಕಾಲಿಗಿಂತ ಬಿಗಿಯೇ. ಕಾಲಿನ ಸೆಲ್ಯುಲೈಟಿಸ್‌ನಲ್ಲಿ, ಅಂದರೆ ಚರ್ಮದಾಳದ ಸೋಂಕಿನಲ್ಲಿ, ಕೆಂಪು ಕಾಣಲಿ ಎಂದು ಕಾಯುತ್ತಾ ಕುಳಿತರೆ ಸೋಂಕು ಮುಂದುವರಿಯುತ್ತದೆ.

ಕಣ್ಣಿಗಷ್ಟೇ ಅಲ್ಲ, ಯಂತ್ರಕ್ಕೂ ಈ ದೋಷವಿದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೆ ಬಿಟ್ಟುಬಿಡುತ್ತದೆ ಎಂದು ಅಮೆರಿಕದ ವೈದ್ಯರು 2020ರಲ್ಲಿ ತೋರಿಸಿದರು. ಅಷ್ಟರಲ್ಲಿ ಕೋವಿಡ್ ಕಾಲದಲ್ಲಿ ಆ ಪುಟ್ಟ ಯಂತ್ರ ನಮ್ಮ ಮನೆಮನೆಗೂ ಬಂದಿತ್ತು.

ನಮ್ಮ ಸಂಗ್ರಹವೂ ಸಮತೂಕದ್ದಲ್ಲ. ಗಂಡಸರು ಅಂಗಿ ಬಿಚ್ಚಿ ಕೂರುತ್ತಾರೆ. ಹೆಂಗಸರು ಕೈ, ಮುಖಕ್ಕೆ ಒಪ್ಪಿದರೂ ಎದೆಯ ಕೆಳಗಿನ ಹುಳುಕಡ್ಡಿಯ ಚಿತ್ರಕ್ಕೆ ಒಪ್ಪುವುದಿಲ್ಲ. "ಫೋಟೋ ಎಲ್ಲೆಲ್ಲಿಗೆ ಹೋಗುತ್ತದೋ ಡಾಕ್ಟರೇ" ಎನ್ನುತ್ತಾರೆ. ಆ ಅಳುಕು ನ್ಯಾಯವೇ. ಈಗ ಅಂಥ ಚಿತ್ರಗಳನ್ನು ಪರದೆಯ ಹಿಂದೆ ಸ್ನಾತಕೋತ್ತರ ವಿದ್ಯಾರ್ಥಿನಿಯರೇ ವಿಭಾಗದ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಸ್ವಂತ ಮೊಬೈಲಿಗೆ ಅಲ್ಲಿ ಪ್ರವೇಶವಿಲ್ಲ. ತೆಗೆದದ್ದನ್ನು ರೋಗಿಗೇ ಮೊದಲು ತೋರಿಸಿ, ಬೇಡವೆಂದರೆ ಅವರೆದುರೇ ಅಳಿಸುತ್ತೇವೆ. ಒಪ್ಪುವವರು ಸ್ವಲ್ಪ ಹೆಚ್ಚಿದ್ದಾರೆ, ಸಾಕಷ್ಟಲ್ಲ. ಆಂತರಿಕ ಪರೀಕ್ಷೆಗೆ ಈಗ ಒಂದೇ ರೋಗದ ಬಿಳಿ ಮೈಯ ಚಿತ್ರವನ್ನೂ ನಮ್ಮವರದನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ಇಡುತ್ತೇನೆ. ಎರಡನ್ನೂ ಗುರುತಿಸಿದರೆ ಮಾತ್ರ ಪೂರ್ತಿ ಅಂಕ.